25 ಕೆ6 ಸೈಜಲ್ಲೇ ಇದೆ, ಆದ್ರೂ ಬೇರಿಂಗ್ ಒಳರಿಂಗ್ ಜಾರ್ತಿದೆ. ಫಿನಿಶ್ ಕಾರಣ ಇರಬಹುದಾ?

ಪೀಣ್ಯ_ಶಾಫ್ಟ್
ಎಲ್ಲರಿಗೂ ನಮಸ್ಕಾರ. 90 ಫ್ರೇಮ್ ಮೋಟಾರಿನ ಶಾಫ್ಟ್, ಮೆಟೀರಿಯಲ್ ಇಎನ್8 (ಮಧ್ಯಮ ಕಾರ್ಬನ್ ಉಕ್ಕು), ಹಾರ್ಡನಿಂಗ್ ಇಲ್ಲ. ಎರಡೂ ಕಡೆ 6205 ಬೇರಿಂಗ್ (ಬೋರು 25, ಹೊರಡಯಾ 52). ಡ್ರಾಯಿಂಗಲ್ಲಿ ಬೇರಿಂಗ್ ಸೀಟು ಡಯಾ 25 ಕೆ6 (ಸೈಜಿನ ಮಿತಿಯ ಗುರುತು), ಆರ್‌ಎ (ಮೇಲ್ಮೈಯ ಸರಾಸರಿ ಒರಟು, ಮೈಕ್ರಾನಲ್ಲಿ) 0.8. ಗ್ರೈಂಡಿಂಗ್ ಇಲ್ಲದೆ ಸಿಎನ್‌ಸಿ ಲೇತಲ್ಲೇ ಮುಗಿಸ್ತಿದೀವಿ.

ಇನ್ಸರ್ಟ್ ಸಿಎನ್‌ಎಂಜಿ 120408 (ತುದಿಯ ಗುಂಡು, ಅಂದ್ರೆ ನೋಸ್ ರೇಡಿಯಸ್, 0.8), 1200 ಆರ್‌ಪಿಎಂ, ಫೀಡ್ 0.15, ಫಿನಿಶ್ ಕಟ್ ಡಯಾ ಮೇಲೆ 0.1. ಮೈಕ್ರೋಮೀಟರಲ್ಲಿ 25.003 ರಿಂದ 25.009. ರಫ್‌ನೆಸ್ ಟೆಸ್ಟರಲ್ಲಿ ಆರ್‌ಎ 1.4 ರಿಂದ 1.6.

ಕೆಲವು ಶಾಫ್ಟಿಗೆ ಬೇರಿಂಗ್ ಹೆಚ್ಚುಕಮ್ಮಿ ಕೈಯಲ್ಲೇ ಹೋಗ್ತಿದೆ, ಓಡಿಸಿ ಬಿಚ್ಚಿದರೆ ಸೀಟಿನ ಮೇಲೆ ಕಂದು ಪುಡಿ, ಒಳರಿಂಗ್ ತಿರುಗಿದ ಗುರುತು ಅಂತ ಗಿರಾಕಿ ಹೇಳ್ತಿದಾರೆ. ಕೆ6 ಅಂದ್ರೆ +2 ರಿಂದ +15 ಮೈಕ್ರಾನ್, ನಾವು ಅದರೊಳಗೇ ಇದೀವಿ. ಫಿನಿಶ್ ಸ್ವಲ್ಪ ಒರಟಾಗಿದ್ರೆ ಬೇರಿಂಗ್ ಇನ್ನೂ ಗಟ್ಟಿ ಹಿಡೀಬೇಕಲ್ವಾ? ಗ್ರೈಂಡಿಂಗಿಗೆ ಹೋಗಲೇಬೇಕಾ?

ಲೇತ್_ಮಾಮ
ಸೈಜ್ ಒಳಗಿದ್ರೆ ನಿಮ್ಮ ತಪ್ಪಿಲ್ಲ. ಬೇರಿಂಗ್ ಬೋರ್ ಚೆಕ್ ಮಾಡೋಕೆ ಹೇಳಿ. ಡೂಪ್ಲಿಕೇಟ್ ಬೇರಿಂಗ್ ಇರುತ್ತೆ.

ಫಿಟ್_ಟೇಬಲ್
ಲೇತ್ ಮಾಮ, ಬೇರಿಂಗನ್ನ ಬೈಯೋ ಮೊದಲು ಲೆಕ್ಕ ನೋಡೋಣ.

ನಾರ್ಮಲ್ ಕ್ಲಾಸ್ ಬೇರಿಂಗಲ್ಲಿ 25 ಬೋರಿನ ಟಾಲರೆನ್ಸ್ 0 ರಿಂದ ಮೈನಸ್ 10 ಮೈಕ್ರಾನ್. ಶಾಫ್ಟ್ +2 ರಿಂದ +15. ಹಾಗಾಗಿ ಬಿಗಿತ, ಅಂದ್ರೆ ಇಂಟರ್‌ಫಿಯರೆನ್ಸ್, ಕಮ್ಮಿ ಅಂದ್ರೆ 2, ಜಾಸ್ತಿ ಅಂದ್ರೆ 25 ಮೈಕ್ರಾನ್. ಇದು ಕಾಗದದ ಮೇಲಿನ ಲೆಕ್ಕ.

ಈಗ ಆರ್‌ಎ 1.5 ಇರೋ ಟರ್ನಿಂಗ್ ಮೇಲ್ಮೈ ತಗೊಳ್ಳಿ. ಲೇತ್ ಫಿನಿಶಲ್ಲಿ ಆರ್‌ಜೆಡ್ ಸಾಮಾನ್ಯವಾಗಿ ಆರ್‌ಎಯ ನಾಲ್ಕರಿಂದ ಐದು ಪಟ್ಟು ಇರುತ್ತೆ. ಅಂದ್ರೆ ಗುಡ್ಡದ ತುದಿಯಿಂದ ಹಳ್ಳದ ತಳಕ್ಕೆ 6–7 ಮೈಕ್ರಾನ್. ಮೈಕ್ರೋಮೀಟರಿನ ಚಪ್ಪಟೆ ಮುಖ ಮುಟ್ಟೋದು ಗುಡ್ಡದ ತುದಿಗಳನ್ನ ಮಾತ್ರ. ಬೇರಿಂಗ್ ಪ್ರೆಸ್ ಮಾಡಿದಾಗ ಆ ತುದಿಗಳು ಚಪ್ಪಟೆಯಾಗ್ತವೆ. ಪ್ರೆಸ್ ಫಿಟ್ ಲೆಕ್ಕದಲ್ಲಿ ಈ ನಷ್ಟಕ್ಕೆ ಶಾಫ್ಟ್ ಮತ್ತು ಬೋರು ಎರಡರ ಆರ್‌ಜೆಡ್ ಕೂಡಿಸಿ 0.8 ರಿಂದ ಗುಣಿಸೋ ರೂಢಿ ಇದೆ. ಬೇರಿಂಗ್ ಬೋರು ನುಣುಪಾಗಿರೋದ್ರಿಂದ ಅದನ್ನ ಬಿಟ್ಟುಬಿಟ್ಟರೂ ಶಾಫ್ಟ್ ಒಂದರಿಂದಲೇ 5 ಮೈಕ್ರಾನ್ ಬಿಗಿತ ಹೋಯ್ತು.

ನಿಮ್ಮ 25.003ರ ಶಾಫ್ಟ್, 25.000 ಬೋರಿನ ಬೇರಿಂಗ್: ಅಳತೆಯಲ್ಲಿ 3 ಮೈಕ್ರಾನ್ ಬಿಗಿ, ಕೂತ ಮೇಲೆ 2 ಮೈಕ್ರಾನ್ ಸಡಿಲ. ಒರಟಾದಷ್ಟೂ ಗಟ್ಟಿ ಹಿಡಿಯುತ್ತೆ ಅನ್ನೋ ನಂಬಿಕೆ ಇಲ್ಲಿ ತಲೆಕೆಳಗು.

ಗೇಜ್_ರೂಮ್
ಒಂದು ಪ್ರಶ್ನೆ. ಯಾವ ಮೈಕ್ರೋಮೀಟರ್? 0–25 ಅಥವಾ 25–50?

ಪೀಣ್ಯ_ಶಾಫ್ಟ್
0–25 ಡಿಜಿಟಲ್. 25.4 ವರೆಗೂ ಹೋಗುತ್ತೆ.

ಗೇಜ್_ರೂಮ್
ಅಂದ್ಕೊಂಡೆ. ಹೋಗುತ್ತೆ, ನಿಜ. ಆದರೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ತೆಗೆದು ನೋಡಿ, ಚೆಕ್ ಮಾಡಿರೋ ಪಾಯಿಂಟ್ 25.000ಕ್ಕೆ ನಿಂತಿರುತ್ತೆ. 25.002 ರಿಂದ 25.015 ಇಡೀ ಆ ಉಪಕರಣದ ರೇಂಜಿನ ಆಚೆ. ಸ್ಕ್ರೂವಿನ ಕೊನೇ ತುದಿಯಲ್ಲಿ ನೀವು 13 ಮೈಕ್ರಾನಿನ ಟಾಲರೆನ್ಸ್ ತೀರ್ಮಾನ ಮಾಡ್ತಿದೀರಿ. ಅದೂ ಸೊನ್ನೆಯಲ್ಲಿ ಸೆಟ್ ಮಾಡಿ, 25 ಮಿ.ಮೀ. ದೂರದಲ್ಲಿ ಓದಿ.

25–50 ತಗೊಳ್ಳಿ, 25ರ ಸೆಟ್ಟಿಂಗ್ ಮಾಸ್ಟರ್ ಅಥವಾ 25.000 ಸ್ಲಿಪ್ ಗೇಜ್ (ನಿಖರ ಅಳತೆಯ ಉಕ್ಕಿನ ತುಂಡು) ಹಾಕಿ ಸೆಟ್ ಮಾಡಿ. ಓದೋ ಜಾಗ ಸೆಟ್ ಮಾಡಿದ ಜಾಗದಿಂದ 10 ಮೈಕ್ರಾನ್ ಮಾತ್ರ ದೂರ, ಸ್ಕ್ರೂವಿನ ತಪ್ಪು ನಗಣ್ಯ. ದಿನಾ ನೂರಾರು ತುಂಡು ಇದ್ರೆ 0.001 ಡಯಲ್ ಇರೋ ಸ್ನ್ಯಾಪ್ ಗೇಜ್ ಅಥವಾ ಏರ್ ರಿಂಗ್ ಗೇಜ್ ಇಡಿ. ಅಳೆಯೋ ಸಾಧನದ ಅನುಮಾನ ಟಾಲರೆನ್ಸಿನ ಹತ್ತನೇ ಒಂದು ಭಾಗ ಇರಬೇಕು ಅನ್ನೋದು ಹಳೇ ನಿಯಮ. 13ಕ್ಕೆ 1.3 ಮೈಕ್ರಾನ್. ಕೈಯಲ್ಲಿ ಹಿಡಿದ ಮೈಕ್ರೋಮೀಟರ್, ಒಬ್ಬೊಬ್ಬರ ರಾಚೆಟ್ ಒತ್ತಡ, ಎಣ್ಣೆ ಪದರ ಎಲ್ಲಾ ಸೇರಿದರೆ 1.3 ಸಿಗಲ್ಲ.

ಲೇತ್_ಮಾಮ
ಸರಿ, ಬೇರಿಂಗ್ ಮೇಲೆ ಹಾಕಿದ್ದು ವಾಪಸ್ ತಗೋತೀನಿ. ಆದರೆ ಫಿನಿಶಿಗೆ ಇಷ್ಟೆಲ್ಲಾ ಯಾಕೆ? 400 ನಂಬರ್ ಎಮರಿ ಪಟ್ಟಿ ಎರಡು ಸಲ ಎಳೆದ್ರೆ ಆರ್‌ಎ 0.5 ಬರುತ್ತೆ.

ಉದ್ಯಮಬಾಗ್_ಗ್ರೈಂಡರ್
ಅಲ್ರೀ ಮಾಮಾ, ಎಮರಿ ಎಳದ್ರ ಆರ್‌ಎ ನಂಬರ್ ಬರ್ತದ, ಸೈಜ್ ಎಲ್ಲಿ ಹೋಗ್ತದ? ಆ ಗುಡ್ಡದ ತುದಿನs ತಾನ ನೀವು ಅಳದಿದ್ದು. ಅದನ್ನ ತಿಕ್ಕಿ ತಗದ ಮ್ಯಾಲ 25.004 ಇದ್ದದ್ದು 25.000 ಆಗ್ತದ, ಇಲ್ಲಾ ಅದಕ್ಕೂ ಕೆಳಗ. ಕೈ ಒತ್ತು ಒಂದs ನಮೂನಿ ಇರಂಗಿಲ್ಲ, ಸೀಟಿನ ತುದಿ ಒಂದು ಸೈಜು, ಭುಜದ ಹತ್ರ ಇನ್ನೊಂದು ಸೈಜು. ಪಟ್ಟಿ ಶೋಲ್ಡರ್ ಮೂಲಿಗೆ ಮುಟ್ಟಂಗs ಇಲ್ಲ. ಮ್ಯಾಲ ಎಮರಿ ಕಣ ಮೆತ್ತಗಿನ ಇಎನ್8 ಒಳಗ ಸಿಗಿಬೀಳ್ತಾವು, ಆಮ್ಯಾಲ ಬೇರಿಂಗ್ ಒಳಗ ಹೋಗ್ತಾವು.

ಇನ್ನೊಂದು ಮಾತು, ಸಣ್ಣ ಹುಡುಗರು ಓದ್ತಾ ಇರಬಹುದು: ತಿರುಗೋ ಶಾಫ್ಟಿಗೆ ಎಮರಿ ಪಟ್ಟಿನ ಬೆರಳಿಗೆ ಸುತ್ತಿ ಹಿಡೀಬ್ಯಾಡ್ರಿ. ಸಿಕ್ಕಿಕೊಂಡ್ರ ಬೆರಳು ಹೋಗ್ತದ. ಕೈಗ್ಲೌಸ್ ಅಂತೂ ಬ್ಯಾಡs ಬ್ಯಾಡ.

ಡ್ರಾಯಿಂಗ್_ಬೋರ್ಡ್
ಎಮರಿ ಪೂರ್ತಿ ಕೆಟ್ಟದ್ದು ಅನ್ನೋಕಾಗಲ್ಲ. ಆಯಿಲ್ ಸೀಲ್ ಇಲ್ಲದ, ಬೇರಿಂಗ್ ಇಲ್ಲದ ಡಯಾಗಳಿಗೆ ಬರ್ ತೆಗೆಯೋಕೆ ಸಾಕು. ಬೇರಿಂಗ್ ಸೀಟಿಗೆ ಬೇಡ ಅನ್ನೋದು ಒಪ್ತೀನಿ.

ಶಾಫ್ಟ್ ಅವರೇ, ಡ್ರಾಯಿಂಗಲ್ಲಿ ಸಿಲಿಂಡ್ರಿಸಿಟಿ (ಉದ್ದಕ್ಕೂ ಗುಂಡಗೆ, ನೇರವಾಗಿ ಇರೋ ಮಿತಿ) ಏನಾದ್ರೂ ಕೊಟ್ಟಿದಾರಾ? ಸೀಟಿನ ಎರಡೂ ತುದಿ ಅಳೆದು ಹೇಳಿ.

ಪೀಣ್ಯ_ಶಾಫ್ಟ್
ಕೊಟ್ಟಿಲ್ಲ. ಡ್ರೈವ್ ಎಂಡ್ ಚೆನ್ನಾಗಿದೆ. ಇನ್ನೊಂದು ಕಡೆ ಸೀಟಲ್ಲಿ 15 ಮಿ.ಮೀ. ಉದ್ದಕ್ಕೆ 4 ಮೈಕ್ರಾನ್ ಟೇಪರ್, ಹೊರತುದಿ ದಪ್ಪ. ಆ ಸೀಟು ಚಕ್ಕಿಂದ ಸುಮಾರು 100 ಮಿ.ಮೀ. ಹೊರಗಿದೆ. ಟೈಲ್‌ಸ್ಟಾಕ್ (ಶಾಫ್ಟಿನ ಹೊರತುದಿಗೆ ಆಸರೆ) ಕೊಟ್ಟಿಲ್ಲ, ಸೈಕಲ್ ಟೈಮ್ ಜಾಸ್ತಿ ಆಗುತ್ತೆ ಅಂತ.

ಫಿಟ್_ಟೇಬಲ್
ಹೊರತುದಿ ದಪ್ಪ ಅಂದ್ರೆ ಶಾಫ್ಟ್ ಬಾಗಿ ಟೂಲಿಂದ ದೂರ ಹೋಗ್ತಿದೆ. ಲೆಕ್ಕ ಇಲ್ಲಿದೆ. 25 ಡಯಾ ಉಕ್ಕು, 100 ಮಿ.ಮೀ. ಹೊರಗೆ, ಟೂಲ್ ಅಡ್ಡಕ್ಕೆ ತಳ್ಳೋದು ಬರೀ 50 ನ್ಯೂಟನ್, ಅಂದ್ರೆ 5 ಕೆಜಿ ಭಾರದಷ್ಟು ಅಂತ ಇಟ್ಕೊಳ್ಳಿ. ಶಾಫ್ಟ್ 4.2 ಮೈಕ್ರಾನ್ ಬಾಗುತ್ತೆ, ಡಯಾದಲ್ಲಿ ಅದು 8 ಮೈಕ್ರಾನ್ ದಪ್ಪವಾಗಿ ಕಾಣುತ್ತೆ. 85 ಮಿ.ಮೀ. ಹತ್ತಿರ ಬಾಗು 2.6 ಮಾತ್ರ. ಎರಡು ತುದಿಗೂ ಡಯಾ ವ್ಯತ್ಯಾಸ 3 ಮೈಕ್ರಾನ್ ಚಿಲ್ಲರೆ. ಚಕ್ ದವಡೆಯ ಸಡಿಲ ಸೇರಿಸಿದ್ರೆ ನಿಮ್ಮ 4 ಬಂತು.

ಉದ್ದ ಅರ್ಧ ಮಾಡಿದ್ರೆ ಬಾಗು ಎಂಟನೇ ಒಂದು ಭಾಗ, ಯಾಕಂದ್ರೆ ಉದ್ದದ ಘನಕ್ಕೆ ತಕ್ಕಂತೆ ಬಾಗೋದು. ಅದಕ್ಕೇ ಡ್ರೈವ್ ಎಂಡ್ ಚೆನ್ನಾಗಿದೆ. ಟೈಲ್‌ಸ್ಟಾಕ್ ಕೊಡಿ. ಇಲ್ಲಿ ಉಳಿಸಿದ ಸೆಕೆಂಡುಗಳು ರಿಜೆಕ್ಷನ್ನಲ್ಲಿ ಹೋಗ್ತವೆ.

ಡ್ರಾಯಿಂಗ್_ಬೋರ್ಡ್
ಹಾಗೇ ಇನ್ನೊಂದು. ಬೇರಿಂಗ್ ಕ್ಯಾಟಲಾಗ್‌ಗಳು ಸೀಟಿನ ಸಿಲಿಂಡ್ರಿಸಿಟಿಗೆ ಐಟಿ5ರ ಅರ್ಧ ಹೇಳ್ತವೆ. ಐಟಿ5 ಅನ್ನೋದು ಟಾಲರೆನ್ಸಿನ ಒಂದು ದರ್ಜೆ, 25ಕ್ಕೆ 9 ಮೈಕ್ರಾನ್, ಅರ್ಧ 4.5. ಸಿಲಿಂಡ್ರಿಸಿಟಿ ತ್ರಿಜ್ಯದ ಲೆಕ್ಕ, ನಿಮ್ಮ ಡಯಾದ 4 ಮೈಕ್ರಾನ್ ಟೇಪರ್ ಅಲ್ಲಿ 2 ಆಗುತ್ತೆ, ಆದರೆ ಗುಂಡಗಿಲ್ಲದಿರೋದನ್ನ ಇನ್ನೂ ಸೇರಿಸಿಲ್ಲ.

ಡ್ರಾಯಿಂಗ್ ಮಾಡೋರ ತಪ್ಪೂ ಇದೆ ಇಲ್ಲಿ. ಐಎಸ್‌ಒ 8015 ಪ್ರಕಾರ ಸೈಜು ಬೇರೆ, ಆಕಾರ ಬೇರೆ. ಎನ್ವಲಪ್ ಗುರುತು, ಅಂದ್ರೆ ವೃತ್ತದೊಳಗಿನ ‘ಇ’ ಅಕ್ಷರ ಹಾಕದಿದ್ರೆ ಕೆ6 ಅನ್ನೋದು ಎರಡು ಬಿಂದುಗಳ ನಡುವಿನ ಅಳತೆ ಮಾತ್ರ. ಅಮೆರಿಕದ ವೈ14.5 ಡ್ರಾಯಿಂಗಲ್ಲಿ ಸೈಜೇ ಆಕಾರವನ್ನೂ ಕಟ್ಟಿಹಾಕುತ್ತೆ. ಎರಡೂ ಥರದ ಡ್ರಾಯಿಂಗ್ ಒಂದೇ ಶಾಪಿಗೆ ಬರ್ತವೆ, ಟೈಟಲ್ ಬ್ಲಾಕ್ ಓದದೆ ಕೆಲಸ ಶುರು ಮಾಡಬಾರದು.

ಸಿಎನ್‌ಸಿ_ಹುಡುಗ
ಅಣ್ಣ, ಒಂದು ಡೌಟು. ಇದೇ ಮೋಟಾರಿನ ಶಾಫ್ಟ್ ಎಂಡ್ 24 ಜೆ6 ಅಂತ ಇರುತ್ತಲ್ಲ. ಅಲ್ಲಿ ಜೆ6, ಇಲ್ಲಿ ಕೆ6 ಯಾಕೆ? ಎಲ್ಲಾ ಒಂದೇ ಮಾಡಿದ್ರೆ ಸುಲಭ ಅಲ್ವಾ?

ಡ್ರಾಯಿಂಗ್_ಬೋರ್ಡ್
ಕೆಲಸ ಬೇರೆ ಬೇರೆ ತಮ್ಮಾ. 24ರ ತುದಿಗೆ ಪುಲ್ಲಿ, ಕಪ್ಲಿಂಗ್ ಕೂರುತ್ತೆ. ತಿರುಗಿಸೋದು ಕೀ, ಬಿಗಿತ ಅಲ್ಲ. ಸೈಟಲ್ಲಿ ಬಿಚ್ಚಿ ಹಾಕೋಕೂ ಬರಬೇಕು. ಅದಕ್ಕೆ ಜೆ6, ಅಂದ್ರೆ +9 ರಿಂದ −4. 28 ವರೆಗೆ ಜೆ6, 38 ರಿಂದ 48ರ ತುದಿಗಳಿಗೆ ಕೆ6, 55 ಮತ್ತು ಮೇಲೆ ಎಂ6 ಅಂತ ಮೋಟಾರ್ ಸ್ಟ್ಯಾಂಡರ್ಡಲ್ಲೇ ಇದೆ. ಬೇರಿಂಗ್ ಸೀಟಲ್ಲಿ ಕೀ ಇಲ್ಲ. ಹೊರೆ ಒಂದೇ ದಿಕ್ಕಲ್ಲಿ, ಒಳರಿಂಗ್ ಮಾತ್ರ ತಿರುಗ್ತಾ ಇರುತ್ತೆ, ಬಿಗಿತ ಇಲ್ಲದಿದ್ರೆ ಒಳರಿಂಗ್ ಶಾಫ್ಟ್ ಮೇಲೆ ಹರಿದಾಡೋಕೆ ಶುರು ಮಾಡುತ್ತೆ. ಆ ಕಂದು ಪುಡಿ ಅದೇ, ಸಣ್ಣ ಉಜ್ಜಾಟದಿಂದ ಹುಟ್ಟಿದ ತುಕ್ಕು.

ಟೂಲ್_ಕ್ರಿಬ್
ಈಗ ಮುಖ್ಯ ವಿಷಯಕ್ಕೆ ಬರೋಣ, ಆರ್‌ಎ 1.5 ಯಾಕೆ ಬರ್ತಿದೆ?

ಸೂತ್ರ: ಫೀಡಿನ ವರ್ಗವನ್ನ ನೋಸ್ ರೇಡಿಯಸ್‌ನ 8 ಪಟ್ಟಿಂದ ಭಾಗಿಸಿದರೆ ಗುಡ್ಡ-ಹಳ್ಳದ ಎತ್ತರ. ನಿಮ್ಮದು 0.15 × 0.15 ÷ 6.4 = 3.5 ಮೈಕ್ರಾನ್. ಅದರ ಕಾಲು ಭಾಗ ಆರ್‌ಎ, ಸುಮಾರು 0.9. ಅಂದ್ರೆ ಎಲ್ಲಾ ಸರಿಯಿದ್ರೂ ಈ ಫೀಡಲ್ಲಿ 0.8 ಬರಲ್ಲ. ಅದರ ಮೇಲೆ ನಿಮಗೆ 1.5 ಬರ್ತಿದೆ, ಹೆಚ್ಚಿನ 0.6ಕ್ಕೆ ಎರಡು ಕಾರಣ ಕಾಣ್ತಿದೆ.

ಮೊದಲನೇದು ಸ್ಪೀಡ್. 25 ಡಯಾಗೆ 1200 ಆರ್‌ಪಿಎಂ ಅಂದ್ರೆ 94 ಮೀಟರ್/ನಿಮಿಷ. ಕಾರ್ಬೈಡ್ ಟೂಲಿಗೆ ಇಎನ್8ನಲ್ಲಿ ಇದು ಕಮ್ಮಿ. ಚಿಪ್ಸಿನ ಲೋಹ ಟೂಲಿನ ಅಂಚಿಗೆ ಮೆತ್ಕೊಂಡು ಕಟ್ಟೆ ಕಟ್ಟುತ್ತೆ, ಬಿಲ್ಟ್ ಅಪ್ ಎಡ್ಜ್ ಅಂತೀವಲ್ಲ ಅದು. ಅದು ಕಿತ್ತು ಬಂದಾಗಲೆಲ್ಲ ಮೇಲ್ಮೈ ಹರಿದು ಮಂಕಾಗುತ್ತೆ. ಲೂಪಲ್ಲಿ ನೋಡಿ, ಫೀಡ್ ಗೆರೆಗಳ ಮಧ್ಯೆ ಕಿತ್ತ ಚುಕ್ಕೆ ಕಂಡ್ರೆ ಇದೇ. 180–200 ಮೀಟರಿಗೆ ಏರಿಸಿ, 2300 ರಿಂದ 2500 ಆರ್‌ಪಿಎಂ.

ಎರಡನೇದು ಡೆಪ್ತ್. ಡಯಾ ಮೇಲೆ 0.1 ಅಂದ್ರೆ ಒಂದು ಕಡೆ 0.05. ನೋಸ್ 0.8 ಇರೋ, ಅಂಚು ಸ್ವಲ್ಪ ಗುಂಡು ಮಾಡಿರೋ ಇನ್ಸರ್ಟಿಗೆ ಇದು ಕಟ್ ಅಲ್ಲ, ಉಜ್ಜು. ಲೋಹ ಕತ್ತರಿಸದೆ ಒತ್ತಿ ಜಾರುತ್ತೆ. ಒಂದು ತುಂಡಲ್ಲಿ ಕತ್ತರಿಸುತ್ತೆ, ಇನ್ನೊಂದರಲ್ಲಿ ಜಾರುತ್ತೆ, ಸೈಜ್ ಓಡಾಡೋದೂ ಅದಕ್ಕೇ. ಫಿನಿಶ್ ಕಟ್ ಸಣ್ಣದಾದಷ್ಟೂ ಫಿನಿಶ್ ಚೆಂದ ಅನ್ನೋದು ತುಂಬಾ ಶಾಪಲ್ಲಿ ಕೂತುಬಿಟ್ಟಿರೋ ತಪ್ಪು ಕಲ್ಪನೆ.

ನನ್ನ ಸಲಹೆ: ನೋಸ್ 0.4, ಫಿನಿಶಿಂಗ್ ಚಿಪ್ ಬ್ರೇಕರ್, ಫೀಡ್ 0.08, ಒಂದು ಕಡೆ 0.2 ಡೆಪ್ತ್. ಲೆಕ್ಕದಲ್ಲಿ 2 ಮೈಕ್ರಾನ್ ಎತ್ತರ, ಆರ್‌ಎ 0.5. ಕೂಲಂಟ್ 6–8%, ರಿಫ್ರಾಕ್ಟೋಮೀಟರಲ್ಲಿ ನೋಡಿ, ಬಣ್ಣ ನೋಡಿ ಅಂದಾಜು ಮಾಡಬೇಡಿ.

ಬೈಕಂಪಾಡಿ_ಬೋರಿಂಗ್
0.8 ನೋಸನ್ನೇ ಇಟ್ಟು ಫೀಡ್ 0.1 ಮಾಡಿದರೆ ಎತ್ತರ 1.6 ಮೈಕ್ರಾನ್, ಆರ್‌ಎ 0.4 ಬರ್ತದಲ್ಲ ಮಾರಾಯ್ರೇ. ಅದೂ ನಿಮ್ಮ 0.08ಕ್ಕಿಂತ ಬೇಗ ಆಗ್ತದೆ. ನೋಸ್ ಯಾಕೆ ಸಣ್ಣ ಮಾಡುವುದು? ಅಥವಾ ವೈಪರ್ ಇನ್ಸರ್ಟ್ (ತುದಿ ಚಪ್ಪಟೆ ಇದ್ದು ಗೆರೆ ಒರೆಸುವಂಥದ್ದು) ಉಂಟು, ಅದೇ ಫಿನಿಶಿಗೆ ಎರಡು ಪಟ್ಟು ಫೀಡ್ ಕೊಡಬಹುದು.

ಟೂಲ್_ಕ್ರಿಬ್
ಗಟ್ಟಿಯಾಗಿ ಹಿಡಿದ ಕೆಲಸಕ್ಕೆ ನಿಮ್ಮ ಮಾತು ಸರಿ. ಇಲ್ಲಿ 100 ಮಿ.ಮೀ. ಹೊರಗಿರೋ ಶಾಫ್ಟ್. ನೋಸ್ ದೊಡ್ಡದಾದ್ರೆ, ಡೆಪ್ತ್ ಅದಕ್ಕಿಂತ ಕಮ್ಮಿ ಇದ್ದಾಗ, ಬಲ ಹೆಚ್ಚಾಗಿ ಅಡ್ಡಕ್ಕೆ ತಿರುಗುತ್ತೆ. ವೈಪರಂತೂ ಇನ್ನೂ ತಳ್ಳುತ್ತೆ, ಗುಂಯ್ ಅಂತ ಚ್ಯಾಟರ್ ಬಂದ್ರೆ ಇದ್ದ ಫಿನಿಶೂ ಹೋಗುತ್ತೆ. ಟೈಲ್‌ಸ್ಟಾಕ್ ಕೊಟ್ಟ ಮೇಲೆ 0.8 ಪ್ರಯತ್ನಿಸಲಿ, ತಕರಾರಿಲ್ಲ.

ಭುಜದ ಮೂಲೆಯೂ ಇದೆ. 6205ರ ಅಂಚಿನ ರೇಡಿಯಸ್ ಕನಿಷ್ಠ 1 ಮಿ.ಮೀ. ಶಾಫ್ಟಿನ ಮೂಲೆ ಅದಕ್ಕಿಂತ ಜಾಸ್ತಿ ಆದ್ರೆ ಬೇರಿಂಗ್ ಭುಜಕ್ಕೆ ಒರಗದೆ ಮೂಲೆ ಮೇಲೆ ಏರಿ ಕೂರುತ್ತೆ. 0.8 ನೋಸ್, ಮೇಲೆ ಸ್ವಲ್ಪ ಸವೆತ, ಪ್ರೋಗ್ರಾಮಲ್ಲಿ ಕಾಂಪೆನ್ಸೇಶನ್ ತಪ್ಪು, ಮೂರೂ ಸೇರಿದ್ರೆ 1 ದಾಟೋಕೆ ಹೆಚ್ಚು ಹೊತ್ತು ಬೇಡ.

ಬೈಕಂಪಾಡಿ_ಬೋರಿಂಗ್
ಮೂಲೆ ವಿಷಯ ಒಪ್ಪಿದೆ. ಆದರೆ 0.4 ನೋಸ್ ಬೇಗ ಸವೀತದೆ, 13 ಮೈಕ್ರಾನಿನಲ್ಲಿ ಆಫ್‌ಸೆಟ್ (ಟೂಲ್ ಜಾಗದ ತಿದ್ದುಪಡಿ) ಪದೇಪದೇ ಕೊಡಬೇಕಾಗ್ತದೆ. ಸರ್ಮೆಟ್ (ಸೆರಾಮಿಕ್-ಲೋಹ ಬೆರೆಸಿದ) ಗ್ರೇಡ್ ಹಾಕಿದರೆ ಉಕ್ಕಿನಲ್ಲಿ ಫಿನಿಶ್ ಹೊಳೀತದೆ, ಅಂಚೂ ತುಂಬ ಹೊತ್ತು ನಿಲ್ತದೆ. ಮಧ್ಯೆ ಕೀವೇ (ಕೀ ಕೂರುವ ಗಾಡಿ) ಕಡಿದಿದ್ದರೆ ಮಾತ್ರ ಬೇಡ, ತಟ್ಟಿ ತಟ್ಟಿ ಸರ್ಮೆಟ್ ಒಡೀತದೆ.

ಗೇಜ್_ರೂಮ್
ಸೈಜ್ ಹಿಡಿಯೋ ಕ್ರಮ ಯಾರೂ ಹೇಳಿಲ್ಲ, ಹೇಳ್ತೀನಿ. ಸೆಮಿ ಫಿನಿಶ್ ಆದ ಮೇಲೆ ಡಯಾದಲ್ಲಿ 0.8 ಉಳಿಸಿ. ಅದೇ ಟೂಲ್, ಅದೇ ಸ್ಪೀಡ್, ಅದೇ ಫೀಡಲ್ಲಿ 0.4 ತೆಗೀರಿ. ನಿಲ್ಲಿಸಿ, ಒರೆಸಿ, ಅಳೀರಿ. ಬರಬೇಕಾದ ಸೈಜಿಗೂ ಬಂದ ಸೈಜಿಗೂ ಇರೋ ವ್ಯತ್ಯಾಸ ಆಫ್‌ಸೆಟಲ್ಲಿ ಹಾಕಿ ಕೊನೇ 0.4 ತೆಗೀರಿ. ಎರಡೂ ಕಟ್ ಒಂದೇ ಆಗಿರೋದ್ರಿಂದ ಬಾಗೂ ಒಂದೇ, ಲೆಕ್ಕ ತಪ್ಪಲ್ಲ. 0.5 ತೆಗೆದು ಅಳೆದು ಆಮೇಲೆ 0.1 ತೆಗೆದ್ರೆ ಬಾಗು ಬದಲಾಗಿರುತ್ತೆ, ಆಫ್‌ಸೆಟ್ ಸುಳ್ಳಾಗುತ್ತೆ.

ಬೆಳಿಗ್ಗೆ ಮೆಷಿನ್ ಆನ್ ಮಾಡಿ 15–20 ನಿಮಿಷ ಸ್ಪಿಂಡಲ್ ಓಡಿಸಿ. ಟೀ ಬ್ರೇಕ್ ಆದ ಮೇಲಿನ ಮೊದಲ ತುಂಡನ್ನೂ ನಂಬಬೇಡಿ.

ಸಿಎನ್‌ಸಿ_ಹುಡುಗ
ಬಿಸಿ ಇರೋವಾಗ ಅಳೆದ್ರೆ ಎಷ್ಟು ವ್ಯತ್ಯಾಸ ಬರುತ್ತೆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಮ್ ಸೀನಿಯರ್ ಒಬ್ರು ಅರ್ಧ ಥೌ ಅಂತಾರೆ.

ಗೇಜ್_ರೂಮ್
ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ 11.5 ಮೈಕ್ರಾನ್ ಹಿಗ್ಗುತ್ತೆ. 25 ಮಿ.ಮೀ.ಗೆ 10 ಡಿಗ್ರಿಗೆ 2.9 ಮೈಕ್ರಾನ್. ತುಂಡು 45 ಡಿಗ್ರಿ, ಮೈಕ್ರೋಮೀಟರ್ 30 ಡಿಗ್ರಿ ಇದ್ರೆ 4.3. ಬಿಸಿಯಲ್ಲಿ 25.006 ಓದಿದ್ದು ತಣ್ಣಗಾದ ಮೇಲೆ 25.002. ಟಾಲರೆನ್ಸಿನ ಮೂರನೇ ಒಂದು ಭಾಗ ಹೋಯ್ತು. ಅರ್ಧ ಥೌ ಅಂದ್ರೆ 12.7 ಮೈಕ್ರಾನ್, ಅದು ಈ ಡಯಾಗೆ ಜಾಸ್ತಿ ಆಯ್ತು. ದಯವಿಟ್ಟು ಥೌ, ಮೈಕ್ರಾನ್ ಬೆರೆಸಿ ಮಾತಾಡಬೇಡಿ, ಒಂದು ಥೌ 25.4 ಮೈಕ್ರಾನ್. ‘ಎರಡು ತೆಗಿ’ ಅಂದಾಗ ಎರಡು ಏನು ಅನ್ನೋದು ಬಾಯಲ್ಲಿ ಬರಬೇಕು.

ಅಳತೆಯ ಸ್ಟ್ಯಾಂಡರ್ಡ್ ಉಷ್ಣತೆ 20 ಡಿಗ್ರಿ. ನಮ್ಮ ಶಾಪಲ್ಲಿ ಏಪ್ರಿಲಿನಲ್ಲಿ 33 ಇದ್ರೂ ಭಯ ಬೇಡ: ಶಾಫ್ಟ್ ಉಕ್ಕು, ಮಾಸ್ಟರ್ ಉಕ್ಕು, ಎರಡನ್ನೂ ಒಂದೇ ಕಲ್ಲಿನ ಮೇಲೆ ಅರ್ಧ ಗಂಟೆ ಇಟ್ಟು ಹೋಲಿಸಿದ್ರೆ ಎರಡೂ ಒಂದೇ ಥರ ಹಿಗ್ಗಿರ್ತವೆ. ಅಲ್ಯೂಮಿನಿಯಂ ಎಂಡ್ ಶೀಲ್ಡಿಗೆ ಇದು ನಡೆಯಲ್ಲ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತೆ. ಬೇರಿಂಗ್ ಕೂರೋ 52ರ ಬೋರು 20ರ ಬದಲು 30 ಡಿಗ್ರಿಯಲ್ಲಿ ಅಳೆದ್ರೆ ಉಕ್ಕಿನ ಮಾಸ್ಟರಿಗಿಂತ 6 ಮೈಕ್ರಾನ್ ಹೆಚ್ಚು ತೋರಿಸುತ್ತೆ.

ಹಳೇ_ಫಿಟ್ಟರ್
ಮೊದಲು ಡ್ರಾಯಿಂಗಲ್ಲಿ ಮೂರು ತ್ರಿಕೋನ ಇರ್ತಿತ್ತು, ಗ್ರೈಂಡಿಂಗಿಗೆ ಹೋಗ್ತಿತ್ತು. ಎರಡು ತ್ರಿಕೋನ ಇದ್ರೆ ಲೇತಲ್ಲೇ ಮುಗೀತಿತ್ತು. ಗೊಂದಲವೇ ಇರಲಿಲ್ಲ.

ಡ್ರಾಯಿಂಗ್_ಬೋರ್ಡ್
ಗೊಂದಲ ಇತ್ತು ಸರ್, ಕಾಣ್ತಿರಲಿಲ್ಲ ಅಷ್ಟೇ. ಮೂರು ತ್ರಿಕೋನದೊಳಗೆ 0.8 ಕೂಡ ಇದೆ, 0.2 ಕೂಡ ಇದೆ. ನಾಲ್ಕು ಪಟ್ಟು ವ್ಯತ್ಯಾಸ. ಆಮೇಲೆ ಎನ್ ಗ್ರೇಡ್ ಬಂತು, ಎನ್5 ಅಂದ್ರೆ 0.4, ಎನ್6 ಅಂದ್ರೆ 0.8, ಎನ್7 ಅಂದ್ರೆ 1.6, ಒಂದೊಂದು ಮೆಟ್ಟಿಲಿಗೆ ಎರಡು ಪಟ್ಟು. ಈಗ ನೇರ ಆರ್‌ಎ ಅಥವಾ ಆರ್‌ಜೆಡ್ ಬರೀತಾರೆ. ಹಳೇ ಡ್ರಾಯಿಂಗ್ ಬಂದ್ರೆ ಗಿರಾಕಿ ಹತ್ರ ಸಂಖ್ಯೆ ಬರೆಸ್ಕೊಳ್ಳಿ, ಊಹೆ ಮಾಡಬೇಡಿ.

ಕನ್ನಡ_ವರ್ಕ್‌ಶಾಪ್
ಸ್ವಲ್ಪ ಬೇರೆ ಮಾತು. ಟಾಲರೆನ್ಸಿಗೆ ಕೆಲವರು ‘ಸಹಿಷ್ಣುತೆ’ ಅಂತ ಬರೀತಾರೆ. ಐಟಿಐ ಹುಡುಗರಿಗೆ ಅದು ಏನೂ ಹೇಳಲ್ಲ. ‘ಮೇಲ್ಮಿತಿ, ಕೆಳಮಿತಿ’ ಅಂತ ಎರಡು ಪದ ಕೊಟ್ಟರೆ ತಕ್ಷಣ ಹಿಡೀತಾರೆ. ಹಾಗೇ ಆರ್‌ಎಗೆ ‘ಮೇಲ್ಮೈ ನಯ’ ಅನ್ನೋದು ಬೇಡ, ‘ಒರಟು’ ಅನ್ನಿ. ನಯ ಅಂದ್ರೆ ಸಂಖ್ಯೆ ಜಾಸ್ತಿ ಇದ್ದಷ್ಟೂ ನಯ ಅಂದ್ಕೊಂಡು 3.2 ಚೆನ್ನಾಗಿದೆ, 0.8 ಕೆಟ್ಟದು ಅಂತ ತಿಳ್ಕೋತಾರೆ.

ಹಳೇ_ಫಿಟ್ಟರ್
ಒರಟು ಒಳ್ಳೇ ಪದ.

ಪೀಣ್ಯ_ಶಾಫ್ಟ್
ಎಲ್ಲಾ ಓದ್ತಿದೀನಿ, ನಾಳೆ ಟ್ರಯಲ್ ಹಾಕ್ತೀನಿ. ಮಧ್ಯೆ ಒಬ್ಬರು ಸೆಂಟರ್‌ಲೆಸ್ ಗ್ರೈಂಡಿಂಗಿಗೆ ಕೊಡಿ, ಅಗ್ಗ ಅಂತಿದಾರೆ. ಇನ್ನೊಬ್ಬರು ರೋಲರ್ ಬರ್ನಿಶಿಂಗ್ (ರೋಲರಿಂದ ಒತ್ತಿ ನುಣುಪು ಮಾಡೋದು) ಅಂದ್ರು.

ಉದ್ಯಮಬಾಗ್_ಗ್ರೈಂಡರ್
ಸೆಂಟರ್‌ಲೆಸ್ ಬ್ಯಾಡ್ರಿ ಇದಕ್ಕ. ಅಲ್ಲಿ ಶಾಫ್ಟ್ ತನ್ನ ಹೊರಮೈ ಮ್ಯಾಲs ಕುಂತು ತಿರುಗ್ತದ, ಸೆಂಟರ್ ಮ್ಯಾಲ ಅಲ್ಲ. ಎರಡೂ ಸೀಟು, 24ರ ತುದಿ, ರೋಟರ್ ಕೂಡೋ ಡಯಾ ಎಲ್ಲಾ ಒಂದs ಅಚ್ಚಿನ ಮ್ಯಾಲ ಇರಬೇಕು ಅಂದ್ರ ಸೆಂಟರ್ ನಡುವ ಹಿಡದು ಸಿಲಿಂಡ್ರಿಕಲ್ ಗ್ರೈಂಡಿಂಗs ಆಗಬೇಕು.

ಇನ್ನೊಂದು ಅಪಾಯ ಅದ. ಸೆಟ್ಟಿಂಗ್ ತಪ್ಪಿದ್ರ ಸೆಂಟರ್‌ಲೆಸ್ ಒಳಗ ಮೂರು ಮೂಲಿ, ಐದು ಮೂಲಿ ಆಕಾರ ಬರ್ತದ. ಮೈಕ್ರೋಮೀಟರ್ ಒಳಗ ಯಾವ ಕಡಿ ಅಳದ್ರೂ ಒಂದs ಸೈಜು ತೋರಸ್ತದ, ಗುಂಡಗ ಅದ ಅನಸ್ತದ. 60 ಡಿಗ್ರಿ ವಿ-ಬ್ಲಾಕ್ ಮ್ಯಾಲ ಇಟ್ಟು ಡಯಲ್ ಹಚ್ಚಿ ತಿರುಗಸ್ರಿ, ಮೂರು ಮೂಲಿ ಇದ್ರ ತಪ್ಪು ಮೂರು ಪಟ್ಟಾಗಿ ಕಾಣ್ತದ.

ಗ್ರೈಂಡಿಂಗಿಗೆ ಕಳಸೋದಾದ್ರ ಡಯಾ ಮ್ಯಾಲ 0.2 ರಿಂದ 0.25 ಬಿಡ್ರಿ. ಸೆಂಟರ್ ಹೋಲ್ ಬಿ ಟೈಪ್ ಹಾಕ್ರಿ, ಹೊರಗಿನ 120 ಡಿಗ್ರಿ ಅಂಚು ಪೆಟ್ಟಿಂದ ಕಾಯ್ತದ. ಸೆಂಟರ್ ಹೋಲ್ ಒಳಗ ಒಂದು ಚಿಪ್ಸ್ ಚೂರು ಕುಂತ್ರ ಸೀಟು ಗುಂಡಗ ಬರಂಗs ಇಲ್ಲ. ಭುಜದ ಮೂಲಿಗೆ ಅಂಡರ್‌ಕಟ್ (ಸಣ್ಣ ಗಾಡಿ) ಬೇಕು, ಇಲ್ಲಂದ್ರ ವೀಲಿನ ಮೂಲಿ ಉದುರಿ ದೊಡ್ಡ ರೇಡಿಯಸ್ ಬಿಡ್ತದ. ಕೀವೇ ಮೊದಲs ಕಡದು, ಬರ್ ತಗದು, ಆಮ್ಯಾಲ ಗ್ರೈಂಡಿಂಗ್. ಗ್ರೈಂಡಿಂಗ್ ಆದ ಮ್ಯಾಲ ಕೀವೇ ಕಡದ್ರ ಅಂಚು ಎದ್ದು ಸೈಜು ಕೆಡ್ತದ.

ವೀಲ್ ಎ60 ಕೆ ವಿಟ್ರಿಫೈಡ್ ಸಾಕು, ಕೆಲಸ ತಿರುಗೋದು 190 ಆರ್‌ಪಿಎಂ ಸುತ್ತಮುತ್ತ. ಕೊನೇಕ್ಕ ಡ್ರೆಸ್ಸಿಂಗ್ ಡೈಮಂಡ್ ನಿಧಾನ ಎಳೀರಿ, ಇನ್‌ಫೀಡ್ ನಿಲ್ಲಿಸಿ ಕಿಡಿ ಸಾಯೋ ತನಕ ಮೂರ್ನಾಕು ಪಾಸ್ ಬಿಡ್ರಿ. ಆರ್‌ಎ 0.4 ಆರಾಮ ಬರ್ತದ.

ಟೂಲ್_ಕ್ರಿಬ್
ಬರ್ನಿಶಿಂಗ್ ಕೂಡ ತಳ್ಳಿಹಾಕೋ ಹಾಗಿಲ್ಲ. ಇಎನ್8 ಮೆತ್ತಗಿದೆ, ಗಟ್ಟಿತನ 40 ಎಚ್‌ಆರ್‌ಸಿ (ರಾಕ್‌ವೆಲ್ ಗಟ್ಟಿತನದ ಅಳತೆ) ಒಳಗೆ ಇದ್ರೆ ರೋಲರ್ ಚೆನ್ನಾಗಿ ಕೆಲಸ ಮಾಡುತ್ತೆ. ಗುಡ್ಡವನ್ನ ಹಳ್ಳಕ್ಕೆ ಒತ್ತೋದ್ರಿಂದ ಒರಟು 0.2 ವರೆಗೂ ಇಳಿಯುತ್ತೆ, ಅದೇ ಲೇತಲ್ಲಿ, ಅದೇ ಸೆಟಪಲ್ಲಿ. ಡಯಾ ಎಷ್ಟು ಇಳಿಯುತ್ತೆ ಅನ್ನೋದು ಮೊದಲಿನ ಒರಟಿನ ಮೇಲೆ ನಿಂತಿದೆ, ಐದಾರು ತುಂಡು ಹಾಕಿ ಅಳೆದೇ ತಿಳ್ಕೋಬೇಕು. ಆದರೆ ಬರ್ನಿಶಿಂಗ್ ಟೇಪರ್ ಸರಿ ಮಾಡಲ್ಲ. ಟರ್ನಿಂಗ್ ಏನು ಕೊಟ್ಟಿತೋ ಅದೇ ಆಕಾರ, ಹೊಳಪು ಮಾತ್ರ ಹೊಸದು. ಭುಜದ ಮೂಲೆವರೆಗೂ ಹೋಗಲ್ಲ.

ಬೈಕಂಪಾಡಿ_ಬೋರಿಂಗ್
ಇದೇ ಥರ ಆಯಿಲ್ ಸೀಲ್ ಸೀಟಿಗೂ ಕೇಳ್ಬೇಕಿತ್ತು. ಗೇರ್‌ಬಾಕ್ಸ್ ಶಾಫ್ಟ್, ಡ್ರಾಯಿಂಗಿನಲ್ಲಿ ಎಚ್11 ಅಂತ ಉಂಟು, ಒರಟು ಮಾತ್ರ 0.2 ರಿಂದ 0.8. ಟಾಲರೆನ್ಸ್ ಇಷ್ಟು ಸಡಿಲ, ಫಿನಿಶ್ ಇಷ್ಟು ಬಿಗಿ. ಟೈಪಿಂಗ್ ತಪ್ಪಾ?

ಡ್ರಾಯಿಂಗ್_ಬೋರ್ಡ್
ತಪ್ಪಲ್ಲ. ಸೀಲಿನ ತುಟಿ ರಬ್ಬರ್, ಸ್ಪ್ರಿಂಗ್ ಹಿಡಿದಿರುತ್ತೆ, ಡಯಾ 0.1 ಹೆಚ್ಚುಕಮ್ಮಿ ಆದ್ರೂ ಹೊಂದ್ಕೊಳ್ಳುತ್ತೆ. ಒರಟಿಗೆ ಹೊಂದ್ಕೊಳ್ಳಲ್ಲ. 0.8 ದಾಟಿದ್ರೆ ತುಟಿ ಸವೆಯುತ್ತೆ. 0.2ಕ್ಕಿಂತ ಕೆಳಗೆ ಹೋದ್ರೆ ಎಣ್ಣೆ ಪದರ ನಿಲ್ಲೋಕೆ ಜಾಗ ಇಲ್ಲದೆ ತುಟಿ ಒಣಗಿ ಸುಡುತ್ತೆ. ಅದಕ್ಕೇ ಕೆಳಮಿತಿಯೂ ಇದೆ, ಅದನ್ನ ಓದದೆ ಪಾಲಿಶ್ ಮಾಡಿ ಕನ್ನಡಿ ಮಾಡಿಬಿಡ್ತಾರೆ. ಗಟ್ಟಿತನ ಕನಿಷ್ಠ 45 ಎಚ್‌ಆರ್‌ಸಿ.

ಅದಕ್ಕಿಂತ ಮುಖ್ಯ: ಪ್ಲಂಜ್ ಗ್ರೈಂಡಿಂಗ್ ಮಾಡಬೇಕು, ವೀಲು ಅಡ್ಡಡ್ಡ ಓಡಬಾರದು. ಲೇತ್ ಗೆರೆ ಅಥವಾ ಓಡಿಸಿದ ವೀಲಿನ ಗೆರೆ ಅಂದ್ರೆ ಬಹಳ ಸಣ್ಣ ಸ್ಕ್ರೂ ಥ್ರೆಡ್. ಶಾಫ್ಟ್ ತಿರುಗಿದಂತೆ ಅದು ಎಣ್ಣೆಯನ್ನ ತುಟಿ ಕೆಳಗಿಂದ ಪಂಪ್ ಮಾಡುತ್ತೆ. ಆರ್‌ಎ 0.4 ಇದ್ದೂ ಸೋರೋ ಸೀಲುಗಳಲ್ಲಿ ಇದನ್ನ ಮೊದಲು ನೋಡಿ. ಚೆಕ್ ಮಾಡೋದು ಸುಲಭ: ಶಾಫ್ಟನ್ನ ಮಟ್ಟವಾಗಿ ಹಿಡಿದು, ತೆಳು ಎಣ್ಣೆ ಸವರಿ, ನೂಲು ಇಳಿಬಿಟ್ಟು ತುದಿಗೆ 30 ಗ್ರಾಂ ತೂಕ ಕಟ್ಟಿ, ನಿಧಾನ ತಿರುಗಿಸಿ. ನೂಲು ಒಂದು ಕಡೆ ನಡೆದು, ದಿಕ್ಕು ಬದಲಿಸಿದಾಗ ವಾಪಸ್ ನಡೆದ್ರೆ ಲೀಡ್, ಅಂದ್ರೆ ಆ ಥ್ರೆಡ್ ಥರದ ಗೆರೆ, ಇದೆ ಅಂತ.

ಬೈಕಂಪಾಡಿ_ಬೋರಿಂಗ್
ಉಪಕಾರ ಆಯ್ತು. ನಮ್ಮಲ್ಲಿ ವೀಲು ಓಡಿಸಿಯೇ ಮಾಡುವುದು. ನಾಳೆಯೇ ನೂಲು ಕಟ್ಟಿ ನೋಡ್ತೇನೆ.

ಲೇಪನ_ಲೈನ್
ಶಾಫ್ಟ್ ಅವರೇ, ತುಕ್ಕಿಗೆ ಜಿಂಕ್ ಪ್ಲೇಟಿಂಗ್ ಏನಾದ್ರೂ ಇದೆಯಾ? ಒಂದು ಕಡೆ 8 ಮೈಕ್ರಾನ್ ಅಂದ್ರೆ ಡಯಾದಲ್ಲಿ 16. ಕೆ6 ಇಡೀ ಟಾಲರೆನ್ಸಿಗಿಂತ ಜಾಸ್ತಿ. ಸೀಟನ್ನ ಮುಚ್ಚಿ ಪ್ಲೇಟಿಂಗ್ ಮಾಡಿಸ್ಬೇಕು.

ಪೀಣ್ಯ_ಶಾಫ್ಟ್
ಪ್ಲೇಟಿಂಗ್ ಇಲ್ಲ, ಎಣ್ಣೆ ಹಚ್ಚಿ ಜಾಲರಿ ತೂರಿಸಿ ಕಳಿಸ್ತೀವಿ.

ಟ್ರಯಲ್ ಆಯ್ತು. ಟೈಲ್‌ಸ್ಟಾಕ್ ಕೊಟ್ಟೆ, 0.4 ನೋಸ್, 2500 ಆರ್‌ಪಿಎಂ, ಫೀಡ್ 0.08, ಡಯಾ ಮೇಲೆ 0.4 ಕಟ್. ಗೇಜ್ ರೂಮ್ ಹೇಳಿದ ಹಾಗೆ ಎರಡು ಸಮ ಕಟ್. 25–50 ಮೈಕ್ರೋಮೀಟರ್, 25.000 ಸ್ಲಿಪ್ ಹಾಕಿ ಸೆಟ್ ಮಾಡಿದ್ದು. 20 ತುಂಡಲ್ಲಿ ತಣ್ಣಗಾದ ಮೇಲೆ 25.006 ರಿಂದ 25.012, ಟೇಪರ್ 2 ಒಳಗೆ, ಆರ್‌ಎ 0.6–0.7, ಆರ್‌ಜೆಡ್ 3.1. ಹಳೇ ಲಾಟಿನ ಮೂರು ತುಂಡು ಇದೇ ಮೈಕ್ರೋಮೀಟರಲ್ಲಿ ನೋಡಿದೆ: 0–25ರಲ್ಲಿ 25.004 ಅಂದಿದ್ದು ಇಲ್ಲಿ 25.001.

ಗೇಜ್_ರೂಮ್
3 ಮೈಕ್ರಾನ್ ಅಲ್ಲೇ ಹೋಗಿತ್ತು ನೋಡಿ.

ರಫ್‌ನೆಸ್ ಟೆಸ್ಟರಲ್ಲಿ ಕಟ್-ಆಫ್ (ಒಂದೊಂದು ಸಲ ಲೆಕ್ಕಕ್ಕೆ ತಗೊಳ್ಳೋ ಉದ್ದ) ಎಷ್ಟು ಇಟ್ಟಿದೀರಿ? ಈ ಒರಟಿಗೆ 0.8 ಮಿ.ಮೀ., ಐದು ಭಾಗ, ಒಟ್ಟು 4 ಮಿ.ಮೀ. ಇರಬೇಕು. ತಪ್ಪಿ 0.25 ಇದ್ರೆ ಸಂಖ್ಯೆ ಕಮ್ಮಿ ತೋರಿಸುತ್ತೆ. ಶಾಫ್ಟಿನ ಉದ್ದಕ್ಕೆ ಎಳೀಬೇಕು, ಗೆರೆಗಳನ್ನ ಅಡ್ಡ ದಾಟಬೇಕು.

ಪೀಣ್ಯ_ಶಾಫ್ಟ್
0.8, ಉದ್ದಕ್ಕೇ ಎಳೆದಿದ್ದು. ಜೊತೆಗೆ ಬಂದ ಮಾದರಿ ತಟ್ಟೆ ಮೇಲೆ ಚೆಕ್ ಮಾಡಿದೆ, ಸರಿ ಇದೆ.

ಫಿಟ್_ಟೇಬಲ್
ಹಾಗಾದ್ರೆ ಲೆಕ್ಕ ಕೂಡಿತು. ಆರ್‌ಜೆಡ್ 3.1ಕ್ಕೆ ನಷ್ಟ 2.5 ಮೈಕ್ರಾನ್. 25.006ರ ಶಾಫ್ಟ್, ಬೋರು 25.000 ಇದ್ರೂ 3.5 ಬಿಗಿತ ಉಳಿಯುತ್ತೆ. ಟಾರ್ಗೆಟ್ ಸೈಜು 25.010ಕ್ಕೆ ಇಡಿ, ಮಧ್ಯ 25.0085 ಅಲ್ಲ. ಟೂಲ್ ಸವೆದಂತೆ ಡಯಾ ದಪ್ಪ ಆಗೋದ್ರಿಂದ 25.013 ಮುಟ್ಟಿದಾಗ ಆಫ್‌ಸೆಟ್ ಕೊಡಿ.

ಗಿರಾಕಿಗೆ ಇದನ್ನೂ ಹೇಳಿ: ಈಗ ಬೇರಿಂಗ್ ಕೈಯಲ್ಲಿ ಹೋಗಲ್ಲ. ಸುತ್ತಿಗೆಯಿಂದ ಹೊರರಿಂಗ್ ಮೇಲೆ ಹೊಡೆದ್ರೆ ಗುಂಡುಗಳು ಟ್ರ್ಯಾಕಲ್ಲಿ ಗುಳಿ ಬೀಳಿಸ್ತವೆ. ಒಳರಿಂಗ್ ಮೇಲೆ ಪೈಪ್ ಇಟ್ಟು ಪ್ರೆಸ್ ಮಾಡಲಿ, ಇಲ್ಲಾ ಇಂಡಕ್ಷನ್ ಹೀಟರಲ್ಲಿ 110 ಡಿಗ್ರಿಗೆ ಬಿಸಿ ಮಾಡಲಿ. 80 ಡಿಗ್ರಿ ಏರಿಕೆಗೆ ಬೋರು 23 ಮೈಕ್ರಾನ್ ಹಿಗ್ಗುತ್ತೆ, ತಾನಾಗೇ ಜಾರಿ ಕೂರುತ್ತೆ.

ಲೇತ್_ಮಾಮ
ಹಂಗಾದ್ರೆ ಗ್ರೈಂಡಿಂಗ್ ಬೇಡ ಅಂತಾಯ್ತು.

ಉದ್ಯಮಬಾಗ್_ಗ್ರೈಂಡರ್
20 ತುಂಡಿಗೆ ಬ್ಯಾಡ ಅಂತಾತು. 20 ತುಂಡಿನ ಒಳಗ 6 ಮೈಕ್ರಾನ್ ಹರವು ಬಂದದ. ಸಿಪಿಕೆ (ಹರವು ಮಿತಿಯೊಳಗ ಎಷ್ಟು ಆರಾಮ ಕೂಡ್ತದ ಅನ್ನೋ ಅಂಕಿ) 1.33 ಕೇಳಿದ್ರ 13 ಮೈಕ್ರಾನಿಗೆ ಸಿಗ್ಮಾ (ಹರವಿನ ಅಳತಿ) 1.6 ಒಳಗ ಇರಬೇಕು, ಅದೂ ಹರವು ನಟ್ಟನಡು ಇದ್ರ. ನೀವು 25.010 ಕಡೆ ಸರಿಸಿದ್ರ ಇನ್ನೂ ಕಡಿಮಿ ಬೇಕು. ಮುಂಜಾನೆ, ಮಧ್ಯಾಹ್ನ, ರಾತ್ರಿ ಪಾಳಿ ಮೂರರಾಗೂ ಅಳದು ನೋಡ್ರಿ. ನಿಂತ್ರ ಲೇತ್ ಸಾಕು, ಪ್ರತಿ ತುಂಡು ಅಳೀಬೇಕು ಅಷ್ಟ. ನಿಲ್ಲಲಿಲ್ಲ ಅಂದ್ರ 0.25 ಬಿಟ್ಟು ಕಳಸ್ರಿ.

ಪೀಣ್ಯ_ಶಾಫ್ಟ್
ಮೂರು ಪಾಳಿಯಲ್ಲಿ 50–50 ತುಂಡು ಅಳೆದು ಇಲ್ಲೇ ಹಾಕ್ತೀನಿ. ಗ್ರೈಂಡಿಂಗಿಗೆ ಹೋಗೋದಾದ್ರೆ ಅಂಡರ್‌ಕಟ್ ಸೇರಿಸೋಕೆ ಡ್ರಾಯಿಂಗ್ ಬದಲಾಗಬೇಕು, ಗಿರಾಕಿ ಒಪ್ಪಿಗೆಗೆ ಇವತ್ತೇ ಬರೀತೀನಿ.

ಡ್ರಾಯಿಂಗ್_ಬೋರ್ಡ್
ಬರೆಯೋವಾಗಲೇ ಸಿಲಿಂಡ್ರಿಸಿಟಿ 0.004, ಆರ್‌ಜೆಡ್ ಗರಿಷ್ಠ 4 ಅಂತ ಸೇರಿಸೋಕೆ ಕೇಳಿ. ಎರಡೂ ಒಂದೇ ರಿವಿಷನ್ನಲ್ಲಿ ಆಗಿಬಿಡಲಿ.